ಜಿಪ್ಸಿಗೆ ಎರಡಿಂಚಿನ ಸೈಲೆನ್ಸರ್ ಪೈಪೋ, ಎರಡೂವರೆಯೋ?

ಮೂಡಿಗೆರೆ ಜಿಪ್ಸಿ:
ನಮಸ್ಕಾರ. ಅಪ್ಪ ತೋಟಕ್ಕೆ ಓಡಿಸ್ತಿದ್ದ ಜಿಪ್ಸಿ ಕಿಂಗ್, 1298 ಸಿಸಿ. ಹೆಡ್ ಪೋರ್ಟಿಂಗ್ (ಇಂಜಿನ್ ಹೆಡ್ಡಿನ ಗಾಳಿ-ಹೊಗೆ ದಾರಿ ತಿದ್ದೋದು) ಮಾಡಿಸಿ, ವಾಲ್ವ್ ತೆರೆಯೋ ಕ್ಯಾಮ್ ಬದಲಿಸಿ, 4-2-1 ಹೆಡರ್ (ಇಂಜಿನ್ನಿಂದ ಬರೋ ನಾಲ್ಕು ಹೊಗೆ ಪೈಪು ಎರಡಾಗಿ, ಆಮೇಲೆ ಒಂದಾಗಿ ಸೇರೋದು) ಹಾಕಿಸಿದ್ದೀನಿ. ಟರ್ಬೊ ಇಲ್ಲ. ಸೈಲೆನ್ಸರ್ ಲೈನ್ ತುಕ್ಕು ಹಿಡಿದಿದೆ, ಬೆರಳಲ್ಲಿ ಒತ್ತಿದ್ರೆ ಚಕ್ಕೆ ಕೈಗೆ ಬರುತ್ತೆ. ಎರಡೂವರೆ ಇಂಚು ಹಾಕಿಸು ಅಂತ ಒಬ್ರು ಹೇಳಿದ್ರು. ನನಗೆ ಬೇಕಿರೋದು ಮಳೆಗಾಲದಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಏರು ಹತ್ತೋ ಎಳೆತ.

ಹಾಸನ ಗ್ಯಾರೇಜು:
ಎರಡೂವರೆ ಬೇಡ ಮಾರಾಯ್ರೆ. ಕಂಪನಿಯಿಂದ ಬಂದಾಗ 80 ಬಿಎಚ್‌ಪಿ. ನಿಮ್ಮ ಕೆಲಸ ಸೇರಿ ನೂರರ ಆಸುಪಾಸು ಅಂದ್ಕೊಂಡ್ರೂ ಒಂದೂಮುಕ್ಕಾಲು ಸಾಕು, ಎರಡು ಇಂಚು ಕೊನೆ. ಎರಡರಿಂದ ಎರಡೂವರೆಗೆ ಹೋದ್ರೆ ಪೈಪಿನ ಬಾಯಿಯ ವಿಸ್ತೀರ್ಣ ಒಂದೂವರೆ ಪಟ್ಟು ದಾಟುತ್ತೆ, ಹೊಗೆಯ ವೇಗ ಬೀಳುತ್ತೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸೊರಗುತ್ತೆ. ಬ್ಯಾಕ್ ಪ್ರೆಶರ್ (ಹೊಗೆಗೆ ಪೈಪು ಒಡ್ಡೋ ತಡೆ) ಬೇಕು ಅನ್ನೋ ಮಾತು ತಪ್ಪು, ಬೇಕಿರೋದು ವೇಗ. ಬೆಂಡ್ ಕೂಡ ಗಮನಿಸಿ. ಆಕ್ಸಲ್ ಮೇಲೆ ಹಾಯೋ ಕಡೆ ಒಳಗೆ ಮ್ಯಾಂಡ್ರಲ್ (ಪೈಪಿಗೆ ಒಳಗಿಂದ ಆಸರೆ ಕೊಡೋ ಸರಳು) ಇಲ್ಲದೆ ಬಗ್ಗಿಸಿದ್ರೆ ಪೈಪು ಚಪ್ಪಟೆಯಾಗುತ್ತೆ, ಅಳತೆ ಲೆಕ್ಕ ಹಾಕಿದ್ದೆಲ್ಲ ದಂಡ.

ಸಕಲೇಶಪುರದವ:
ನಾನು ಎರಡೂವರೆ ಹಾಕಿಸಿ ಚಾರ್ಮಾಡಿ ಹತ್ತಿದ್ದೆ. ಸೆಕೆಂಡಲ್ಲಿ ಏರ್ತಿದ್ದ ತಿರುವಿಗೆ ಫಸ್ಟ್ ಬೇಕಾಯ್ತು. ಹಿಂದೆ ಕೂತಿದ್ದ ಅಮ್ಮ ಕೊಟ್ಟಿಗೆಹಾರದವರೆಗೂ ಕಿವಿ ಮುಚ್ಚಿಕೊಂಡಿದ್ರು. ಆ ವಾರವೇ ಬಿಚ್ಚಿಸ್ದೆ.

ಮೂಡಿಗೆರೆ ಜಿಪ್ಸಿ:
ಒಂದೂಮುಕ್ಕಾಲೇ ಸರಿ. ಹೊಗೆ ಶುದ್ಧ ಮಾಡೋ ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ತೆಗೆಸಲ್ಲ. ಪೈಪಿನ ಅಳತೆ ಹೊರಗಿನದಾ, ಒಳಗಿನದಾ?

ಹಾಸನ ಗ್ಯಾರೇಜು:
ಹೊರಗಿನದು. ಗೋಡೆ 1.5 ಮಿ.ಮೀ. ಇದ್ರೆ ಒಳಗೆ 3 ಮಿ.ಮೀ. ಕಮ್ಮಿ. ಕ್ಯಾಲಿಪರ್ ಹಿಡ್ಕೊಂಡೇ ಅಂಗಡಿಗೆ ಹೋಗಿ.