ಡಿಸ್‌ಪ್ಲೇ ‘ಹೋಗಿದೆ’ ಅಂದರೆ ಏನು ಹೋಗಿದೆ? (ಮಂಕು, ಮಸುಕು, ಮಬ್ಬು)

ಎಲ್ಲರಿಗೂ ನಮಸ್ಕಾರ.

ಹಳೆಯ ಕೀಬೋರ್ಡು, ಸಿಂಥಸೈಜರುಗಳ ಎಲ್‌ಸಿಡಿ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆರ್ಕೆಸ್ಟ್ರಾದಲ್ಲಿ ನುಡಿಸುವವರು, ಊರಿನ ರೇಡಿಯೋ-ಟಿವಿ ರಿಪೇರಿಯವರು ಓದಿಕೊಂಡು ಕೆಲಸ ಮಾಡುವ ಹಾಗಿರಬೇಕು ಅನ್ನೋದು ಆಸೆ. ಬಿಡಿಭಾಗಗಳ ಹೆಸರಿಗೆ ತೊಂದರೆಯಿಲ್ಲ. ಸೋಲ್ಡರು, ರಿಬ್ಬನ್ನು, ಬೋರ್ಡು ಎಲ್ಲ ಹಾಗೇ ಇರಲಿ, ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳುವುದೂ ಹಾಗೇ. ನಾನು ಸಿಕ್ಕಿಹಾಕಿಕೊಂಡಿರುವುದು ದೋಷಗಳ ಹೆಸರಿನಲ್ಲಿ.

ಎಲ್ಲದಕ್ಕೂ ನಾವು ‘ಡಿಸ್‌ಪ್ಲೇ ಹೋಗಿದೆ’ ಅನ್ನುತ್ತೇವೆ. ಒಳಗಿನ ದೀಪ ಆರಿದರೂ ಹೋಗಿದೆ, ಅಕ್ಷರ ಕಾಣದಿದ್ದರೂ ಹೋಗಿದೆ, ಗಾಜು ಒಡೆದರೂ ಹೋಗಿದೆ. ಇವುಗಳಲ್ಲಿ ಬಹುಪಾಲು ಸರಿಯಾಗುವಂಥವು. ಆದರೆ ಫೋನಿನಲ್ಲಿ ‘ಹೋಗಿದೆ’ ಅಂದ ಕೂಡಲೇ ಆ ಕಡೆಯವರು ಪ್ಯಾನೆಲ್ಲೇ ಬದಲಾಯಿಸಬೇಕು ಅಂತಾರೆ. ಅಷ್ಟು ಹಳೆಯ ಮಾಡೆಲ್ಲಿಗೆ ಪ್ಯಾನೆಲ್ಲು ಎಲ್ಲಿಂದ ತರೋದು? ಚೆನ್ನಾಗಿ ನುಡಿಯುವ ವಾದ್ಯ ಅಟ್ಟ ಸೇರುತ್ತದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ನಮ್ಮಲ್ಲಿ ಮಂಕು, ಮಸುಕು, ಮಬ್ಬು ಅಂತ ಮೂರು ಪದಗಳಿವೆ. ಮಾತಿನಲ್ಲಿ ಒಂದರ ಬದಲು ಇನ್ನೊಂದು ಬರುತ್ತಲೇ ಇರುತ್ತದೆ. ಆದರೂ ಬಳಕೆಯಲ್ಲಿ ಒಂದೊಂದಕ್ಕೆ ಒಂದೊಂದು ಕಡೆ ಒಲವಿದೆ ಅಲ್ವಾ? ದೀಪ ಮಂಕಾಗುತ್ತದೆ. ಬರಹ ಮಸುಕಾಗುತ್ತದೆ. ಕನ್ನಡಕದ ಗಾಜು ಮಬ್ಬಾಗುತ್ತದೆ. ಇದನ್ನೇ ಹಿಡಿದು ಮೂರು ದೋಷಗಳಿಗೆ ಹಂಚಬಹುದೇ ಅನ್ನುವುದು ನನ್ನ ಮೊದಲ ಪ್ರಶ್ನೆ.

ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. 1988ರ ಕೋರ್ಗ್ ಎಂ1 ಕೀಬೋರ್ಡಿನಲ್ಲಿ ಗಾಜಿನ ಹಿಂದೆ ಇಎಲ್ ಹಾಳೆ ಅನ್ನುವ ತೆಳ್ಳನೆಯ ಹೊಳೆಯುವ ಹಾಳೆಯಿದೆ. ಅದಕ್ಕೆ ಸುಮಾರು 100 ವೋಲ್ಟಿನ ಎಸಿ ಬೇಕು, ಅದನ್ನು ಕೊಡುವುದು ಒಂದು ಪುಟ್ಟ ಇನ್ವರ್ಟರು. ಬಳಸಿದಷ್ಟೂ ಹಾಳೆಯ ಹೊಳಪು ಇಳಿಯುತ್ತದೆ, ಕಿವಿಗೊಟ್ಟರೆ ಇನ್ವರ್ಟರಿನ ಕೀರಲು ದನಿ ಮಾತ್ರ ಕೇಳುತ್ತದೆ. ಓರೆಯಾಗಿ ಟಾರ್ಚು ಹಿಡಿಯಿರಿ. ಅಕ್ಷರಗಳು ಎಲ್ಲವೂ ಇದ್ದಲ್ಲೇ ಇರುತ್ತವೆ! ಹೊಸ ಇಎಲ್ ಹಾಳೆ ಹಾಕಿದರೆ ಆಯಿತು. ಇಲ್ಲವೇ ಇನ್ವರ್ಟರ್ ತೆಗೆದು ಎಲ್‌ಇಡಿ ಪಟ್ಟಿ ಕೂರಿಸಬಹುದು. ಇದಕ್ಕೆ ‘ಮಂಕು’ ಸರಿ ಅನಿಸುತ್ತದೆ. ಬ್ಯಾಕ್‌ಲೈಟಿಗೆ ‘ಹಿಂಬೆಳಕು’ ಅಂತ ಬರೆದಿದ್ದೇನೆ, ಓದುವವರಿಗೆ ತೊಡಕಾದರೆ ಹೇಳಿ.

1983ರ ಯಮಹಾ ಡಿಎಕ್ಸ್7ರಲ್ಲಿ ಹಿಂಬೆಳಕೇ ಇಲ್ಲ. ಸಾಲಿಗೆ 16 ಅಕ್ಷರದಂತೆ ಎರಡು ಸಾಲು, ಅಷ್ಟೆ. ಅಲ್ಲಿ ಮಂಕಾಗಲು ದೀಪವಿಲ್ಲ, ಆದರೆ ಕಾಂಟ್ರಾಸ್ಟು ಇಳಿದು ಅಕ್ಷರ ಮಸುಕಾಗಬಹುದು. 5 ವೋಲ್ಟಿನ ಸಾಮಾನ್ಯ ಮಾಡ್ಯೂಲುಗಳಲ್ಲಿ (ಗಾಜು, ಬೋರ್ಡು ಸೇರಿದ ಇಡೀ ಡಿಸ್‌ಪ್ಲೇ) ಮೂರನೆಯ ಪಿನ್ನು ಕಾಂಟ್ರಾಸ್ಟಿನದು. ಅಲ್ಲಿ 1 ವೋಲ್ಟಿಗಿಂತ ಕಡಿಮೆ ಇದ್ದರೆ ಅಕ್ಷರ ದಟ್ಟವಾಗಿರುತ್ತದೆ, ಜಾಸ್ತಿಯಾದಷ್ಟೂ ತೆಳುವಾಗಿ ಮಾಯವಾಗುತ್ತದೆ. ಬಹಳ ಸಲ ಅದಕ್ಕೆ ಸೇರಿದ ಪ್ರೀಸೆಟ್ಟನ್ನು ಆಚೀಚೆ ತಿರುಗಿಸಿದರೆ ಸಾಕು. ಇಲ್ಲೊಂದು ಗೊಂದಲ: ರಿಪೇರಿಯವರಿಗೆ ಪ್ರೀಸೆಟ್ಟು ಅಂದರೆ ಸ್ಕ್ರೂಡ್ರೈವರಿನಲ್ಲಿ ತಿರುಗಿಸುವ ಪುಟ್ಟ ರೆಸಿಸ್ಟರು, ನುಡಿಸುವವರಿಗೆ ಕಂಪನಿ ತುಂಬಿಸಿಟ್ಟ ವಾದ್ಯದ ದನಿ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಹೇಗೆ?

‘ಮಬ್ಬು’ ಪೋಲರೈಸರ್ ಹಾಳೆಗೆ, ಅಂದರೆ ಬೆಳಕನ್ನು ಒಂದೇ ದಿಕ್ಕಿನಲ್ಲಿ ಸೋಸಿ ಬಿಡುವ ಹಾಳೆಗೆ. ಗಾಜಿಗೆ ಅಂಟಿಸಿರುವ ಈ ಹಾಳೆ ತೇವ, ಸೆಖೆಗೆ ಕೆಡುತ್ತದೆ. ಕಂದು ಬಣ್ಣಕ್ಕೆ ತಿರುಗುತ್ತದೆ, ಗುಳ್ಳೆ ಏಳುತ್ತದೆ, ಕೆಲವು ಸಲ ವಿನೆಗರಿನ ಹುಳಿ ವಾಸನೆ ಬರುತ್ತದೆ. ಕರಾವಳಿಯವರಿಗೆ ಇದರ ಕಾಟ ಹೆಚ್ಚು. ಹಳೆಯದನ್ನು ಸುಲಿದು, ಅಂಟು ಒರೆಸಿ, ಹೊಸ ಹಾಳೆ ಅಂಟಿಸಬೇಕು. ದಿಕ್ಕು ತಪ್ಪಿದರೆ ಕಪ್ಪಿರಬೇಕಾದಲ್ಲಿ ಬಿಳಿ, ಬಿಳಿ ಇರಬೇಕಾದಲ್ಲಿ ಕಪ್ಪು. ‘ಮಾಸಿದೆ’ ಅನ್ನುವ ಪದವೂ ಇಲ್ಲಿಗೆ ಒಪ್ಪುತ್ತದೆ, ಆದರೆ ಅದರಲ್ಲಿ ಬಣ್ಣ ಕಳೆದುಕೊಂಡ ಅರ್ಥವೇ ಮುಂದಿರುತ್ತದಲ್ಲ? ಇಲ್ಲಿ ಬಣ್ಣ ಹೋಗುವುದಿಲ್ಲ, ಬರುತ್ತದೆ.

ಎಲ್ಲಕ್ಕಿಂತ ಕಷ್ಟ ಕೊಟ್ಟಿರುವುದು ‘ಗೆರೆ ಬಿದ್ದಿದೆ’. ಇರಬಾರದ ಕಪ್ಪು ಗೆರೆ ಮೂಡಿದರೂ ಹೀಗೇ ಅನ್ನುತ್ತಾರೆ, ಇರಬೇಕಾದ ಗೆರೆ ಇಲ್ಲವಾದರೂ ಹೀಗೇ ಅನ್ನುತ್ತಾರೆ, ಗಾಜಿನ ಮೇಲೆ ಗೀರಾದರೂ ಹೀಗೇ. ನನಗೆ ಬೇಕಾಗಿರುವುದು ಎರಡನೆಯದು. ಈ ಮಾಡ್ಯೂಲುಗಳಲ್ಲಿ ಒಂದೊಂದು ಅಕ್ಷರವೂ ಅಡ್ಡಕ್ಕೆ 5 ಚುಕ್ಕಿಗಳ ಮನೆ. ಅಂಕಿ 8ರ ಎಡತುದಿಯ ಉದ್ದಸಾಲು ಕಾಣದಿದ್ದರೆ ಉಳಿದದ್ದು ಹೆಚ್ಚುಕಡಿಮೆ 3. ವೇದಿಕೆಯ ಮೇಲೆ 38ನೆಯ ದನಿ ಅಂದುಕೊಂಡದ್ದು 33 ಆಗಿ ಕಾಣುತ್ತದೆ. ಕಾರಣ ಸಾಮಾನ್ಯವಾಗಿ ಜೀಬ್ರಾ ಪಟ್ಟಿ. ಗಾಜು ಮತ್ತು ಬೋರ್ಡಿನ ನಡುವೆ ಒತ್ತಿ ಕೂತಿರುವ ಮೆತ್ತನೆಯ ರಬ್ಬರು ಅದು. ಅದರಲ್ಲಿ ಕರೆಂಟು ಹರಿಯುವ ಕರಿ ಪದರ ಒಂದು, ಹರಿಯದ ಪದರ ಒಂದು, ಹೀಗೆ ಸಾಲಾಗಿ. ತಗಡಿನ ಚೌಕಟ್ಟಿನ ಕಿವಿಗಳು ಸಡಿಲವಾದರೆ ಒತ್ತಡ ತಪ್ಪುತ್ತದೆ. ಚೌಕಟ್ಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಸಾಲು ಮರಳಿ ಬಂದರೆ ಇದೇ ದೋಷ. ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಕೂರಿಸಿ, ಕಿವಿ ತಿರುಚಿದರೆ ಸರಿಯಾಗುತ್ತದೆ. ಇದಕ್ಕೆ ‘ಗೆರೆ ಹಾರಿದೆ’ ಅಂತ ಬರೆಯಲೇ, ‘ಗೆರೆ ತಪ್ಪಿದೆ’ ಅನ್ನಲೇ? ನನ್ನ ಮನಸ್ಸು ‘ಹಾರಿದೆ’ ಕಡೆಗಿದೆ. ಓದುವಾಗ ಸಾಲು ಹಾರಿಸಿದ ಅನ್ನುತ್ತೇವಲ್ಲ, ಆ ಅರ್ಥ ಹತ್ತಿರ. ‘ತಪ್ಪಿದೆ’ಯಲ್ಲಿ ತಪ್ಪಾಗಿದೆ ಅನ್ನುವ ನೆರಳು ಬೀಳುತ್ತದೆ.

ಇನ್ನೊಂದು ಲಕ್ಷಣಕ್ಕೆ ನನ್ನ ಹತ್ತಿರ ಪದವೇ ಇಲ್ಲ. ಆನ್ ಮಾಡಿದಾಗ ಮೇಲಿನ ಸಾಲು ಪೂರ್ತಿ ಕಪ್ಪು ಚೌಕ, ಕೆಳಗಿನ ಸಾಲು ಖಾಲಿ. ಹಿಟಾಚಿ ಎಚ್‌ಡಿ44780 ಅನ್ನುವ, ಅಕ್ಷರ ಮೂಡಿಸುವ ಚಿಪ್ಪಿರುವ ಮಾಡ್ಯೂಲಿನಲ್ಲಿ ಹೀಗಾದರೆ ಪವರ್ ಬಂದಿದೆ, ಮೇನ್ ಬೋರ್ಡಿನಿಂದ ಆದೇಶ ಬಂದಿಲ್ಲ ಎಂದರ್ಥ. ಡಿಸ್‌ಪ್ಲೇ ಚೆನ್ನಾಗಿಯೇ ಇರಬಹುದು. ಸುಮ್ನೆ ಅದನ್ನು ಬದಲಾಯಿಸಿ ದುಡ್ಡು ಕಳೆದುಕೊಳ್ಳಬಾರದು.

ಕೊನೆಯದಾಗಿ, ಗಾಜಿನ ಅಂಚು ಬಿಟ್ಟು ಒಳಗಿನ ದ್ರವ ಸೋರಿದರೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಹರಡುತ್ತಾ ಹೋಗುತ್ತದೆ. ಅದಕ್ಕೆ ಮಾತ್ರ ರಿಪೇರಿ ಇಲ್ಲ, ಮಾಡ್ಯೂಲನ್ನೇ ಬದಲಿಸಬೇಕು. ‘ಹೋಗಿದೆ’ಯನ್ನು ಕೈಪಿಡಿಯಲ್ಲಿ ಇದೊಂದಕ್ಕೇ ಮೀಸಲಿಡೋಣ ಅಂದುಕೊಂಡಿದ್ದೇನೆ.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಮಬ್ಬು–ಮಸುಕುಗಳನ್ನು ಬೇರೆ ಥರ ಬಳಸುತ್ತೀರಾ? ನಿಮ್ಮೂರಿನ ರಿಪೇರಿ ಅಂಗಡಿಯಲ್ಲಿ ಆ ಕಪ್ಪು ಚೌಕಗಳ ಸಾಲಿಗೆ ಏನಾದರೂ ಹೆಸರಿದ್ದರೆ ದಯವಿಟ್ಟು ಬರೆಯಿರಿ.