ಸಮಾರ್ತ್ ಪಯಕರೂನ್ ಥರ ಕೈ ಇಳಿಸಿ ಆಡೋದನ್ನ ಹುಡುಗರಿಗೆ ಕಲಿಸಬಹುದಾ?

ಕೋಟೆಗುಡ್ಡ_ಬಳ್ಳಾರಿ

ನಮಸ್ಕಾರ ಎಲ್ಲರಿಗೂ. ಬಳ್ಳಾರಿಯಲ್ಲಿ 13ರಿಂದ 17 ವಯಸ್ಸಿನ ಹುಡುಗರಿಗೆ ಬೆಳಿಗ್ಗೆ ಮುಯೇ ಥಾಯ್ (ಕೈ, ಕಾಲು, ಮೊಣಕೈ, ಮೊಣಕಾಲು ಎಲ್ಲದರಿಂದ ಹೊಡೆಯೋ ಥಾಯ್ಲೆಂಡಿನ ಆಟ) ಹೇಳಿಕೊಡೋ ಬ್ಯಾಚ್ ಐತೆ. ಹುಡುಗರೆಲ್ಲ ಈಗ ಥಾಯ್ಲೆಂಡಿನ ಹಳೇ ಚಾಂಪಿಯನ್ ಸಮಾರ್ತ್ ಪಯಕರೂನ್ ಅವರ ಹಳೇ ವಿಡಿಯೊಗಳ ಹಿಂದೆ ಬಿದ್ದಾರೆ. ಸ್ಪಾರಿಂಗಿಗೆ (ಜೋಡಿಯಾಗಿ ಆಡೋ ಅಭ್ಯಾಸದ ಆಟಕ್ಕೆ) ನಿಂತರೆ ಸಾಕು, ಎರಡೂ ಕೈ ಸೊಂಟಕ್ಕೆ ಬರ್ತವೆ, ಗದ್ದ ಮೇಲಕ್ಕೆ ಹೋಗ್ತದೆ. ಬೈದರೆ "ಅವರು ಹಂಗೇ ಆಡ್ತಿದ್ರಲ್ಲ ಸರ್" ಅಂತಾರೆ.

ಕೇಳಬೇಕಾಗಿರೋದು ಮೂರು. ಅವರು ಯಾವ ವರ್ಷ ಏನು ಗೆದ್ದರು ಅನ್ನೋದನ್ನ ಗೊತ್ತಿದ್ದವರು ಸರಿಯಾಗಿ ಹೇಳ್ರಿ, ಒಂದೊಂದು ವಿಡಿಯೊದಲ್ಲಿ ಒಂದೊಂದು ಹೇಳ್ತಾರೆ. ಕೈ ಇಳಿಸಿ ಆಡೋದು ಅವರಿಗೆ ಹೆಂಗೆ ನಡೀತು? ಹುಡುಗರಿಗೆ ಅದರಲ್ಲಿ ಕಲಿಸೋದು ಏನು, ಬಿಡೋದು ಏನು?

ರಿಂಗ್‌ಸೈಡ್_ರಾಯಚೂರು

ಮೊದಲನೇದಕ್ಕೆ ಉತ್ತರ. ಹುಟ್ಟಿದ್ದು 1962ರ ಡಿಸೆಂಬರ್ 5, ಬ್ಯಾಂಕಾಕಿನ ಪೂರ್ವಕ್ಕಿರುವ ಚಾಚೋಂಗ್‌ಸಾವ್ ಪ್ರಾಂತ್ಯದಲ್ಲಿ. ತಯಾರಾಗಿದ್ದು ಪಟ್ಟಾಯದ ಸಿತ್‌ಯೋದ್‌ತೋಂಗ್ ಕ್ಯಾಂಪಿನಲ್ಲಿ, ಗುರು ಯೋದ್‌ತೋಂಗ್ ಸೇನಾನನ್. ಅಣ್ಣ ಕೊಂಗ್‌ತೊರಾನೀ ಕೂಡ ಅದೇ ಮಟ್ಟದ ಆಟಗಾರ. ಬರೀ ಬಾಕ್ಸಿಂಗಿನಲ್ಲಿ 1988ರಲ್ಲಿ ಖಾವೊಸಾಯ್ ಗ್ಯಾಲಕ್ಸಿ ಎದುರು ವಿಶ್ವ ಪಟ್ಟಕ್ಕೆ ಆಡಿ ಪಾಯಿಂಟ್ಸ್ ಮೇಲೆ ಸೋತವರು ಅವರು. ಅಣ್ಣನ ವಿಡಿಯೊಗಳನ್ನ ಯಾರೂ ನೋಡಲ್ಲ, ನೋಡಬೇಕು.

ಬ್ಯಾಂಕಾಕಿನ ಲುಂಪಿನೀ ಸ್ಟೇಡಿಯಂನ ಮುಯೇ ಥಾಯ್ ಪಟ್ಟ ಸಮಾರ್ತ್‌ಗೆ ನಾಲ್ಕು ತೂಕಗಳಲ್ಲಿ ಸಿಕ್ಕಿದೆ: 1980ರಲ್ಲಿ 102 ಪೌಂಡ್ ಮತ್ತು 108 ಪೌಂಡ್, 1981ರಲ್ಲಿ 115 ಮತ್ತು 126. ನಮ್ಮ ಲೆಕ್ಕದಲ್ಲಿ 46.3 ಕೆಜಿಯಿಂದ 57.2 ಕೆಜಿವರೆಗೆ. ಹದಿನೇಳು, ಹದಿನೆಂಟರ ಹುಡುಗ ಮೈ ಬೆಳೆದಂಗೆಲ್ಲ ಮೇಲಿನ ತೂಕಕ್ಕೆ ಹೋಗಿ ಗೆದ್ದಿದ್ದು ಇದು. ಥಾಯ್ಲೆಂಡಿನ ಕ್ರೀಡಾ ಬರಹಗಾರರ ಸಂಘದ ವರ್ಷದ ಆಟಗಾರ ಪ್ರಶಸ್ತಿ ಮೂರು ಸಲ: 1981, 1983, 1988.

1982ರ ಡಿಸೆಂಬರ್ 24ರಂದು ಡೀಸೆಲ್‌ನೋಯ್ ಅನ್ನೋ ಮುಯೇ ಥಾಯ್ ಆಟಗಾರನ ಎದುರು ಪಾಯಿಂಟ್ಸ್ ಮೇಲೆ ಸೋಲು. ಆಮೇಲೆ ಬಾಕ್ಸಿಂಗ್. 1986ರ ಜನವರಿ 18ರಂದು ಬ್ಯಾಂಕಾಕಿನಲ್ಲಿ ಮೆಕ್ಸಿಕೋದ ಲೂಪೆ ಪಿಂಟೋರ್ ಅವರನ್ನ ಐದನೇ ಸುತ್ತಿನಲ್ಲಿ ನಾಕೌಟ್ ಮಾಡಿ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಸಂಸ್ಥೆಗಳಲ್ಲಿ ಒಂದು, ಕೆಳಗೆ ಬರೋ ಡಬ್ಲ್ಯೂಬಿಎ ಇನ್ನೊಂದು) ಸೂಪರ್ ಬಾಂಟಮ್‌ವೇಟ್ (122 ಪೌಂಡ್) ಪಟ್ಟ. ಅದೇ ವರ್ಷ ಡಿಸೆಂಬರಿನಲ್ಲಿ ಹ್ವಾನ್ ಮೆಸಾ ಎದುರು ಪಟ್ಟ ಉಳಿಸಿಕೊಂಡರು, ಆ ಆಟ ಮುಗಿದಿದ್ದು ಹನ್ನೆರಡನೇ ಸುತ್ತಿನಲ್ಲಿ. 1987ರ ಮೇ 8, ಸಿಡ್ನಿ: ಜೆಫ್ ಫೆನೆಕ್ ನಾಲ್ಕನೇ ಸುತ್ತಿನಲ್ಲಿ ಮಲಗಿಸಿದರು. ಅಲ್ಲಿಂದ ಮತ್ತೆ ಮುಯೇ ಥಾಯ್‌ಗೆ ವಾಪಸ್, 1988ರಲ್ಲಿ ಮತ್ತೆ ವರ್ಷದ ಆಟಗಾರ. ಕೊನೆಗೆ 1994ರಲ್ಲಿ ಎಲಾಯ್ ರೋಹಾಸ್ ಎದುರು ಡಬ್ಲ್ಯೂಬಿಎ ಫೆದರ್‌ವೇಟ್ ಪಟ್ಟಕ್ಕೆ ಆಡಿ ಸೋತರು. ಬಾಕ್ಸಿಂಗಿನಲ್ಲಿ ಸೋಲು ಈ ಎರಡೇ. ಹಾಡು, ಸಿನಿಮಾ ಎರಡರಲ್ಲೂ ಹೆಸರು ಮಾಡಿದರು, ಬ್ಯಾಂಕಾಕಿನಲ್ಲಿ ಸ್ವಂತ ಜಿಮ್ ಇಟ್ಟರು.

ಗಂಗಾವತಿ_ಟೀಪ್

ರಾಯಚೂರಿನವರು ಇಸವಿ ಹೇಳ್ಯಾರ, ನಾನು ಕಾಲಿಂದು ಹೇಳ್ತೀನಿ. ಯಾಕಂದ್ರ ಕೈದು ಗುಟ್ಟು ಇರೋದು ಕಾಲಾಗ.

ಸಮಾರ್ತ್ ಕೈ ಇಳಿಸಿ ನಿಂತಾಗ ಗದ್ದ ಕಾಯೋದು ಮುಂದಿನ ಕಾಲಿನ ಟೀಪ್, ಅಂದ್ರ ಪಾದದಿಂದ ಎದುರಾಳಿನ ಹಿಂದಕ್ಕ ತಳ್ಳೋ ಒದೆ. ಎದುರಾಳಿ ಒಂದು ಹೆಜ್ಜೆ ಒಳಗ ಬಂದ್ರ ಹೊಟ್ಟಿಗೆ ಪಾದ ಬೀಳ್ತೈತಿ, ಅವ ಹಿಂದಕ್ಕ ಹೋಗ್ತಾನ. ಗುದ್ದು ಮುಟ್ಟಬೇಕಂದ್ರ ಮೊದಲ ಆ ಪಾದ ದಾಟಬೇಕು. ದಾಟಿ ಬಂದ್ರೂ ಸೊಂಟದಿಂದ ಮ್ಯಾಲೆ ಹಿಂದಕ್ಕ ವಾಲಿ ಗುದ್ದು ತಪ್ಪಿಸಿಬಿಡ್ತಾರ. ಅಂದ್ರ ಎರಡು ಬಾಗಿಲು ಹಾಕಿ ಆಮ್ಯಾಲೆ ಕಿಟಕಿ ತೆಗೆದಿಟ್ಟಂಗ. ನಿಮ್ಮ ಹುಡುಗರು ಬಾಗಿಲು ಹಾಕೋದು ಬಿಟ್ಟು ಕಿಟಕಿ ಅಷ್ಟ ತೆಗೀತಾರ.

ಎರಡನೇ ಕಾರಣ ಅಂಕ ಹಾಕೋ ಪದ್ಧತಿ. ಬ್ಯಾಂಕಾಕಿನ ಎರಡು ದೊಡ್ಡ ಸ್ಟೇಡಿಯಂ ಲುಂಪಿನೀ, ರಾಜದಮ್ನೇರ್ನ್‌ದಾಗ ಅವರ ಕಾಲಕ್ಕ ಐದು ಸುತ್ತು, ಸುತ್ತಿಗೆ ಮೂರು ನಿಮಿಷ, ನಡುವ ಎರಡು ನಿಮಿಷ ವಿಶ್ರಾಂತಿ. ಮೊದಲೆರಡು ಸುತ್ತು ನಿಧಾನ, ಒಬ್ಬರನ್ನೊಬ್ಬರು ಅಳತಿ ಮಾಡೋದು. ಆಟ ತೀರ್ಮಾನ ಆಗೋದು ಮೂರು, ನಾಲ್ಕರಾಗ. ಮುಂದಿರೋರು ಐದನೇ ಸುತ್ತಿನಾಗ ದೂರ ನಿಂತು ಕಾಲ ಕಳೀತಾರ. ಗುದ್ದಿಗಿಂತ ಪಕ್ಕೆಗೆ ಬಿದ್ದ ಕಿಕ್, ಮೊಣಕಾಲು, ಎದುರಾಳಿ ತೋಲು (ಸಮತೋಲ) ತಪ್ಪಿಸೋದಕ್ಕ ಬೆಲೆ ಜಾಸ್ತಿ. ಹಂಗಾಗಿ ಪಕ್ಕೆ ಹತ್ರ ಬರೋ ಕಿಕ್ ತಡೆಯೋಕ, ಹಿಡಿಯೋಕ ಕೈ ಕೆಳಗ ಇರೋದು ಅಲ್ಲಿ ಅನುಕೂಲ. ನಮ್ಮ ಹುಡುಗರು ಆಡೋದು ಮೂರು ಸುತ್ತಿನ ಅಮೆಚೂರ್ ಆಟ. ಮೊದಲನೇ ಸುತ್ತು ಅಳತಿ ಮಾಡ್ತಾ ಕೊಟ್ಟುಬಿಟ್ರ ಉಳಿಯೋದು ಎರಡ. ಅಷ್ಟು ಸಾವಕಾಶ ಇಲ್ಲಿ ಇಲ್ಲ.

ಕಲಿಸೋದು ಟೀಪ್. ಹಿಂಗ ಹೇಳಿಕೊಡ್ರಿ: ಮುಂದಿನ ಕಾಲಿನ ಮೊಣಕಾಲು ಮೊದಲ ಎದೆ ಕಡೆ ಎತ್ತಬೇಕು, ಹೊಡಿಯೋ ಜಾಗಕ್ಕಿಂತ ಮ್ಯಾಲೆ. ಆಮ್ಯಾಲೆ ಸೊಂಟ ಮುಂದಕ್ಕ ತಳ್ಳಬೇಕು, ಪಾದದ ಮುಂಭಾಗ, ಬೆರಳಿನ ಬುಡ, ಹೊಕ್ಕಳ ಹತ್ರ ತಾಗಬೇಕು. ಎತ್ತಿದ ಕಾಲಿನ ಬದಿ ಕೈ ತೋಲಿಗಂತ ಕೆಳಗ ಬೀಸಿದ್ರ ನಡೀತೈತಿ, ಇನ್ನೊಂದು ಕೈ ಗದ್ದದ ಹತ್ರ ಇರಲೇಬೇಕು. ತಳ್ಳಿದ ಮ್ಯಾಲೆ ಮೊಣಕಾಲು ಮಡಚಿ ವಾಪಸ್, ಅದೇ ನಿಲುವಿಗೆ.

ತಪ್ಪು ಮೂರು ಕಡೆ ಆಗ್ತೈತಿ. ಮೊಣಕಾಲು ಎತ್ತದ ಪಾದ ನೆಲದಿಂದ ಸೀದಾ ಬೀಸಿದ್ರ ಹೊಟ್ಟಿ ಮ್ಯಾಲೆ ಜಾರ್ತೈತಿ, ಎದುರಿನವ ಹಿಡೀತಾನ. ಮೈ ಭಾಳ ಹಿಂದಕ್ಕ ವಾಲಿದ್ರ ತಳ್ಳಿದವನ ಹಿಂದಕ್ಕ ಹೋಗ್ತಾನ. ಕಾಲು ಬಿಟ್ಟು ನೋಡ್ಕೊಂತ ನಿಂತ್ರ ಒಂಟಿ ಕಾಲಿನ ಮ್ಯಾಲೆ ಲೋ ಕಿಕ್ (ಕಾಲಿಗೆ ಹೊಡಿಯೋ ಒದೆ) ಬೀಳ್ತೈತಿ.

ಅಭ್ಯಾಸಕ್ಕ ಬ್ಯಾಗಿಗಿಂತ ಹೊಟ್ಟಿ ಪ್ಯಾಡ್ ಕಟ್ಟಿಕೊಂಡ ಮನುಷ್ಯ ಚಲೋ. ನೀವು ಪ್ಯಾಡ್ ಕಟ್ಟಿ ಮೂರು ನಿಮಿಷ ಬರೇ ಮುಂದಕ್ಕ ನಡೀರಿ, ಅವ ಬರೇ ಮುಂದಿನ ಕಾಲಿಂದ ನಿಲ್ಲಿಸಬೇಕು. ಮೂರು ಸುತ್ತು, ನಡುವ ಒಂದು ನಿಮಿಷ. ಒಮ್ಮೊಮ್ಮೆ ಹೆಜ್ಜೆ ಹಾಕಿದಂಗ ಮಾಡಿ ನಿಂತುಬಿಡ್ರಿ, ಸುಮ್ಮನ ಕಾಲು ಎಸೆಯೋ ಹುಡುಗ ಅಲ್ಲೇ ಸಿಕ್ಕಿಬೀಳ್ತಾನ. ಬ್ಯಾಗಿನ ಮ್ಯಾಲೆ ಆದ್ರ ತೂಗಾಡೋಕ ಬಿಟ್ಟು, ತನ್ನ ಕಡೆ ಬರುವಾಗ ತಡೀಬೇಕು. ದೂರ ಹೋಗ್ತಿರೋ ಬ್ಯಾಗಿಗೆ ಒದ್ದ್ರ ಏನೂ ಕಲಿಯಂಗಿಲ್ಲ.

ಸಿಂಧನೂರು_ಗರಡಿ

ಮ್ಯಾಲಿನವರು ಹೇಳಿದ್ದು ಖರೆ ಅದ, ಆದ್ರ ಸೋತ ಆಟ ಎರಡು ಬಿಟ್ಟು ಮಾತಾಡಿದ್ರ ಅರ್ಧನೇ ಆಗ್ತದ.

ಡೀಸೆಲ್‌ನೋಯ್ 135 ಪೌಂಡ್ ಲುಂಪಿನೀ ಚಾಂಪಿಯನ್, ಆರಡಿ ಮೀರಿದ ಆಳು, ಮೊಣಕಾಲಿನ ಆಟಗಾರ. ಅವನ ತೂಕದಾಗ ಎದುರು ನಿಲ್ಲೋರು ಸಿಗದಂಗ ಆಗಿತ್ತು. 126ರಾಗ ಗೆದ್ದ ಸಮಾರ್ತ್ ಅಂಥವನ ಮುಂದ ನಿಂತಾಗ ಟೀಪಿನ ದೂರ ಉಳೀಲಿಲ್ಲ. ಉದ್ದ ಕೈ ಬಂದು ಕುತ್ತಿಗಿ ಹಿಡೀತು, ಮೊಣಕಾಲು ಬಿತ್ತು. ಫೆನೆಕ್ ಬ್ಯಾರೆ ದಾರಿಲಿಂದ ಅದನ್ನೇ ಮಾಡಿದ. ಬಾಕ್ಸಿಂಗಿನಾಗ ಟೀಪ್ ಇಲ್ಲ, ಕ್ಲಿಂಚಿನಾಗ (ಒಬ್ಬರನ್ನೊಬ್ಬರು ಹಿಡಿದು ನಿಂತಾಗ) ಮೊಣಕಾಲು ಇಲ್ಲ, ಅವ ಎದಿಗೆ ಎದಿ ಹಚ್ಚಿ ದೂರ ಅನ್ನೋದನ್ನೇ ಕಸಗೊಂಡ. ದೂರ ಹೋದ ಕೂಡಲೇ ಇಳಿಸಿದ ಕೈ ಬರೇ ಇಳಿಸಿದ ಕೈ ಆಗ್ತದ. ಹುಡುಗರಿಗೆ ಗೆದ್ದ ಆಟಕ್ಕಿಂತ ಮೊದಲ ಇವೆರಡು ತೋರಸ್ರಿ.

ಈಗ ಕ್ಲಿಂಚ್. ನಮ್ಮ ಕಡೆ ಹುಡುಗರು ಬಹಳ ಮಂದಿ ಗರಡಿಯಿಂದ ಬರ್ತಾರ. ಕುತ್ತಿಗಿ, ಹಿಡಿತ ಗಟ್ಟಿ ಇರ್ತದ, ಅದು ದೊಡ್ಡ ಲಾಭ. ನಷ್ಟ ಏನಂದ್ರ ನಿಲುವು. ಕುಸ್ತಿಯಾಗ ಬೆನ್ನು ಬಗ್ಗಿಸಿ, ತಲಿ ತಗ್ಗಿಸಿ, ಸೊಂಟ ಹಿಂದಕ್ಕಿಟ್ಟು ನಿಲ್ತಾರ, ಕಾಲು ಸಿಗಬಾರದು ಅಂತ. ಮುಯೇ ಥಾಯ್‌ದಾಗ ಹಂಗ ನಿಂತ್ರ ತಲಿ ತಾನಾಗೇ ಮೊಣಕಾಲಿನ ಮುಂದ ಬಂದು ನಿಲ್ತದ. ಇಲ್ಲಿ ಬೆನ್ನು ನೆಟ್ಟಗ, ಸೊಂಟ ಎದುರಿನವನ ಸೊಂಟಕ್ಕ ಹಚ್ಚಿ, ಅಂಗಾಲಿನ ಮುಂಭಾಗದ ಮ್ಯಾಲೆ ನಿಲ್ಲಬೇಕು. ಸೊಂಟ ಹತ್ತಿರ ಇದ್ರ ಅವನ ಮೊಣಕಾಲಿಗೆ ಬೀಸೋ ಜಾಗ ಇರಂಗಿಲ್ಲ.

ಒಳಗಿನ ಕೈ ಯಾರದು ಅವರದೇ ಹಿಡಿತ. ಎದುರಿನವನ ಎರಡೂ ಕೈ ನಿಮ್ಮ ಕುತ್ತಿಗಿ ಮ್ಯಾಲೆ ಇದ್ರ, ಒಂದು ಕೈ ಕೆಳಗಿಂದ ಅವನ ತೋಳಿನ ನಡುವ ತೂರಿಸಿ ಕುತ್ತಿಗಿ ಹಿಂದ ಹಾಕಬೇಕು, ಆಮ್ಯಾಲೆ ಇನ್ನೊಂದು. ಬೆರಳು ಒಂದರಾಗ ಒಂದು ಹೆಣಿಬಾರದು, ಎಳೆದಾಗ ಮುರೀತಾವ. ಒಂದು ಅಂಗೈ ಮ್ಯಾಲೆ ಇನ್ನೊಂದು ಅಂಗೈ, ಮೊಣಕೈ ಎರಡೂ ಒಳಗ ಒತ್ತಿ. ಎಳೆಯೋದು ಕತ್ತಿನ ಬುಡ ಅಲ್ಲ, ತಲಿಯ ಹಿಂದಿನ ಉಬ್ಬು. ದಿನಾ ಹದಿನೈದು ನಿಮಿಷ ಬರೇ ಕೈ ಒಳಗ ಹಾಕೋ ಆಟ ಆಡಸ್ರಿ, ಮೊಣಕಾಲು ಇಲ್ಲದ.

ಕೋಟೆಗುಡ್ಡ_ಬಳ್ಳಾರಿ

ಭಾಳ ಉಪಕಾರ. ಇನ್ನೆರಡು. ವಿಡಿಯೊ ಯಾವ ಕ್ರಮದಲ್ಲಿ, ಹೆಂಗೆ ತೋರಿಸೋದು? ಮತ್ತೆ ಕೆಲವು ಹುಡುಗರು ಕಣಕಾಲಿನ ಎಲುಬು ಗಟ್ಟಿ ಆಗ್ಲಿ ಅಂತ ಗಾಜಿನ ಬಾಟಲಿ ಉಜ್ಜಿಕೊಳ್ತಾರೆ, ಬಿಸಿಲಲ್ಲಿ ರೈನ್‌ಕೋಟ್ ಹಾಕಿ ಓಡಿ ತೂಕ ಇಳಿಸ್ತಾರೆ. ಇದು ಸರಿನಾ?

ರಿಂಗ್‌ಸೈಡ್_ರಾಯಚೂರು

ಕ್ರಮ: ಡೀಸೆಲ್‌ನೋಯ್ 1982, ಪಿಂಟೋರ್ 1986, ಫೆನೆಕ್ 1987, ಕೊನೆಗೆ 1988ರಲ್ಲಿ ನಾಂಫೊನ್ ಎದುರು ಗೆದ್ದ ಆಟ. ನಾಂಫೊನ್ ಕೂಡ ಮೊಣಕಾಲಿನ ಆಟಗಾರ, ಆದರೆ ಅಲ್ಲಿ ಡೀಸೆಲ್‌ನೋಯ್ ಎದುರಿನ ಅಂತರ ಇಲ್ಲ. ಅಂಥವರನ್ನ ದೂರ ಇಡೋದು ಹೇಗೆ ಅಂತ ಅದರಲ್ಲಿ ಕಾಣುತ್ತೆ. ಆವಾಜ್ ತೆಗೆದು ಹಾಕಿ. ಮೊದಲ ಸಲ ನೋಡುವಾಗ ಸೊಂಟದ ಕೆಳಗೆ ಮಾತ್ರ ನೋಡಬೇಕು, ಪ್ರತಿ ಟೀಪಿಗೂ ನಿಲ್ಲಿಸಿ "ಮೊದಲು ಹೆಜ್ಜೆ ಹಾಕಿದ್ದು ಯಾರು" ಅಂತ ಕೇಳಿ. ಬಹಳ ಸಲ ಉತ್ತರ "ಎದುರಿನವನು" ಅಂತಲೇ ಬರುತ್ತೆ. ಹೈಲೈಟ್ ತುಣುಕುಗಳು ಬೇಡವೇ ಬೇಡ, ಅವುಗಳಲ್ಲಿ ಆ ಹೆಜ್ಜೆಯನ್ನೇ ಕತ್ತರಿಸಿರುತ್ತಾರೆ. ಹುಡುಗರು ಕೆಟ್ಟಿರೋದು ಅದರಿಂದಲೇ ಅನ್ನಿಸುತ್ತೆ.

ಗಂಗಾವತಿ_ಟೀಪ್

ಬಾಟಲಿ ಇವತ್ತೇ ಕಸದ ಬುಟ್ಟಿಗೆ ಹಾಕಸ್ರಿ. ಎಲುಬಿನ ಮ್ಯಾಲಿನ ತೆಳು ಪೊರೆಗೆ ಗಾಯ ಆಗ್ತೈತಿ, ಬಾವು ಬರ್ತೈತಿ, ಎಲುಬು ಗಟ್ಟಿ ಆಗಂಗಿಲ್ಲ. ಬ್ಯಾಗಿಗೆ, ಪ್ಯಾಡಿಗೆ ತಿಂಗಳಾನುಗಟ್ಟಲೆ ಒದ್ದ ಕಾಲು ತಾನಾಗೇ ಒಗ್ಗತೈತಿ. ಬ್ಯಾಗ್ ತಳದಾಗ ಮರಳು ಇಳಿದು ಕಲ್ಲಾಗಿದ್ರ ಬಿಚ್ಚಿ ಹಳೇ ಬಟ್ಟಿ ತುಂಬ್ರಿ, ಸಣ್ಣ ಹುಡುಗರಿಗೆ ಮರಳು ಬ್ಯಾಡ. ಒಂದೇ ಜಾಗದಾಗ ಬೆರಳಿಟ್ಟರ ನೋವು, ಓಡುವಾಗ ಜಾಸ್ತಿ, ವಾರ ಆದ್ರೂ ಇಳೀಲಿಲ್ಲ ಅಂದ್ರ ಎಲುಬಿನ ಡಾಕ್ಟರಿಗೆ ತೋರಸ್ರಿ, ಕೂದಲೆಳೆ ಬಿರುಕು ಇರಬಹುದು.

ರೈನ್‌ಕೋಟ್ ಅಂತೂ ನಮ್ಮ ಊರುಗಳಾಗ ಪ್ರಾಣಕ್ಕ ಕುತ್ತು. ಏಪ್ರಿಲ್, ಮೇದಾಗ 40 ಡಿಗ್ರಿ ದಾಟತೈತಿ, ತಗಡಿನ ಶೆಡ್ಡಿನ ಒಳಗ ಇನ್ನೂ ಜಾಸ್ತಿ. ಐದೂವರೆಗೆ ಶುರು ಮಾಡಿ ಏಳೂವರೆ ಒಳಗ ಮುಗಸ್ರಿ. ಅಭ್ಯಾಸದ ಮೊದಲು, ಆಮ್ಯಾಲೆ ಬರೀ ಚಡ್ಡಿಯಾಗ ತೂಕ ಮಾಡ್ರಿ. 50 ಕೆಜಿ ಹುಡುಗ ಒಂದು ಕೆಜಿ ಇಳಿದ್ರ ಅದು ನೀರು, ಮೈಯ ನೂರಕ್ಕ ಎರಡು ಪಾಲು, ಅದಕ್ಕಿಂತ ಜಾಸ್ತಿ ಇಳೀತಿದ್ರ ನಡುನಡುವ ಕುಡಿಸೋದು ಕಡಿಮಿ ಆಗೈತಿ ಅಂತ. ಇಳಿದ ಒಂದೊಂದು ಕೆಜಿಗೆ ಒಂದೂಕಾಲರಿಂದ ಒಂದೂವರೆ ಲೀಟರ್, ಎರಡು ಮೂರು ತಾಸಿನಾಗ ಸ್ವಲ್ಪ ಸ್ವಲ್ಪ ಕುಡಿಬೇಕು, ಒಂದೇ ಸಲ ಅಲ್ಲ. ಉಪ್ಪು ಹಾಕಿದ ಮಜ್ಜಿಗಿ ಆದ್ರೂ ನಡೀತೈತಿ. ಹುಡುಗ ಬೆವರ್ತಿದ್ರೂ, ಬೆವರದಿದ್ರೂ ಏನೇನೋ ಮಾತಾಡಿದ್ರ ಕೂಡಲೇ ನೆರಳು, ಮೈಮ್ಯಾಲೆ ನೀರು, ಗಾಳಿ, 108ಕ್ಕ ಫೋನ್.

ಸಿಂಧನೂರು_ಗರಡಿ

ತೂಕದ್ದು ಒಂದು ಮಾತು ಸೇರಸ್ತೀನಿ. 18ರ ಒಳಗಿನವರಿಗೆ ತೂಕ ಇಳಿಸೋ ಮಾತೇ ಬ್ಯಾಡ, ಊಟ ಮಾಡಿ ನಿಂತಾಗ ಎಷ್ಟು ಬರ್ತದ ಆ ವಿಭಾಗದಾಗೇ ಹೆಸರು ಕೊಡ್ರಿ. 102ರಿಂದ 126ಕ್ಕ ಅಂದ್ರ ಹತ್ತಿರ ಹತ್ತಿರ 11 ಕೆಜಿ ಮ್ಯಾಲೆ ಹೋಗ್ಯಾರ ಸಮಾರ್ತ್, ಹುಡುಗರಿಗೆ ಆ ಸಾಲು ಗೋಡಿ ಮ್ಯಾಲೆ ಬರೆದು ಹಚ್ಚ್ರಿ. ಮತ್ತ ಸ್ಪಾರಿಂಗಿನಾಗ ಗದ್ದ ಮ್ಯಾಲೆ ಹೋಗೋರಿಗೆ ಒಂದು ಟೆನಿಸ್ ಚೆಂಡು ಗದ್ದದ ಕೆಳಗ ಹಿಡಿಸಿ ಶಾಡೊ (ಎದುರು ಯಾರೂ ಇಲ್ಲದ ಒಬ್ಬನೇ ಆಡೋದು) ಮಾಡಸ್ರಿ, ಎರಡು ನಿಮಿಷದ ಮೂರು ಸುತ್ತು. ಚೆಂಡು ಇಟ್ಟು ಸ್ಪಾರಿಂಗ್ ಮಾತ್ರ ಮಾಡಸಬ್ಯಾಡ್ರಿ, ಗಂಟಲಿಗೆ ಪೆಟ್ಟಾಗ್ತದ.