ಡೆಬಿಯನ್ 12 (ಲಿನಕ್ಸ್): ಎಮರ್ಜೆನ್ಸಿ ಮೋಡ್ ಬರುತ್ತದೆ, ಆದರೆ ಒಳಗೆ ಬಿಡುವುದಿಲ್ಲ

ತುಂಗಾತೀರ:
ನಿನ್ನೆ ಹಳೇ ಡೆಸ್ಕ್‌ಟಾಪಿನಿಂದ ಎರಡನೇ ಹಾರ್ಡ್ ಡಿಸ್ಕ್ ಬಿಚ್ಚಿದೆ, ಬೇರೇನೂ ಮುಟ್ಟಿಲ್ಲ. ಈಗ ಆನ್ ಮಾಡಿದರೆ ಒಂದೂವರೆ ನಿಮಿಷ ಸುಮ್ನೆ ಏನನ್ನೋ ಕಾಯುತ್ತದೆ, ಆಮೇಲೆ ಎಮರ್ಜೆನ್ಸಿ ಮೋಡ್ (ರಿಪೇರಿಗೆ ಅಂತ ಇರುವುದು), ಅದರ ಕೆಳಗೆ 'ರೂಟ್ ಅಕೌಂಟ್ ಲಾಕ್ ಆಗಿದೆ, ಎಂಟರ್ ಒತ್ತಿ' ಅಂತ. ಒತ್ತಿದರೆ ಮತ್ತೆ ಅದೇ ಸಾಲು. ಇನ್‌ಸ್ಟಾಲ್ ಮಾಡುವಾಗ ರೂಟ್ (ಎಲ್ಲ ಅಧಿಕಾರ ಇರುವ ಅಕೌಂಟ್) ಪಾಸ್‌ವರ್ಡ್ ಖಾಲಿ ಬಿಟ್ಟಿದ್ದೆ, ನನ್ನ ಅಕೌಂಟಿನಿಂದಲೇ ರೂಟ್ ಕೆಲಸ ಮಾಡಿಸುವ ಸುಡೋ ಇದೆಯಲ್ಲ ಅಂತ. ಸಾಲದ್ದಕ್ಕೆ ಬೂಟ್ ಶುರುವಿನಲ್ಲಿ ಬರುವ ಗ್ರಬ್ ಮೆನುವನ್ನೂ ನಾನೇ ಅಡಗಿಸಿ ಟೈಮೌಟ್ 1 ಸೆಕೆಂಡ್ ಮಾಡಿಟ್ಟಿದ್ದೇನೆ. ಏನು ಮಾಡಲಿ?

ಕರಿಪರದೆ:
ಎರಡು ಬಾಗಿಲಿಗೂ ನೀವೇ ಬೀಗ ಹಾಕಿದ್ದೀರಿ :)
ಕಾರಣ ಎಫ್‌ಸ್ಟ್ಯಾಬ್, ಅಂದರೆ ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ ಇರುವ ಫೈಲ್ (/etc/fstab). ತೆಗೆದ ಡಿಸ್ಕಿನ ಸಾಲು ಅಲ್ಲೇ ಉಳಿದಿದೆ, ಬೂಟ್ ನಡೆಸುವ ಸಿಸ್ಟಮ್‌ಡಿ ಅದಕ್ಕಾಗಿ 90 ಸೆಕೆಂಡ್ ಕಾದು ಕೈಚೆಲ್ಲುತ್ತದೆ. ಆನ್ ಮಾಡಿ, ತಯಾರಕರ ಲೋಗೋ ಹೋಗುತ್ತಿದ್ದಂತೆ ಎಸ್ಕೇಪ್ ಒಂದೇ ಸಲ ಒತ್ತಿ. ಗಾಬರಿಯಲ್ಲಿ ಟಕಟಕ ಒತ್ತಿದರೆ ಯುಇಎಫ್‌ಐ (ಬಯೋಸ್ ಜಾಗಕ್ಕೆ ಬಂದ ಹೊಸದು) ಮಷೀನಿನಲ್ಲಿ ಮೆನು ದಾಟಿ ಗ್ರಬ್ ಪ್ರಾಂಪ್ಟಿಗೆ ಬೀಳಬಹುದು, ಆಗ 'ನಾರ್ಮಲ್' ಅಂತ ಟೈಪ್ ಮಾಡಿ ಎಂಟರ್ ಹೊಡೆದು ಕೂಡಲೇ ಇನ್ನೊಮ್ಮೆ ಎಸ್ಕೇಪ್. ಮೆನು ಬಂದಮೇಲೆ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಉದ್ದ ಸಾಲು ಹುಡುಕಿ, ಅದರಲ್ಲಿರುವ 'ಆರ್‌ಓ' (ಓದಲು ಮಾತ್ರ) ತೆಗೆದು 'ಆರ್‌ಡಬ್ಲ್ಯೂ' (ಬರೆಯಲೂ ಆಗುತ್ತದೆ) ಮಾಡಿ, ಕೊನೆಯಲ್ಲಿ ಇನಿಟ್=/ಬಿನ್/ಬ್ಯಾಶ್ ಸೇರಿಸಿ ಕಂಟ್ರೋಲ್-ಎಕ್ಸ್. ಪಾಸ್‌ವರ್ಡ್ ಕೇಳದೆ ರೂಟ್ ಶೆಲ್ (ಕಮಾಂಡ್ ಟೈಪ್ ಮಾಡುವ ಜಾಗ) ಸಿಗುತ್ತದೆ. ಎಫ್‌ಸ್ಟ್ಯಾಬಿನಲ್ಲಿ ಆ ಸಾಲಿನ ಮುಂದೆ ಹ್ಯಾಶ್ (#) ಹಾಕಿ ಸೇವ್ ಮಾಡಿ, ಡಿಸ್ಕಿಗೆ ಪೂರ್ತಿ ಬರೆಯಲು ಸಿಂಕ್ ಕೊಡಿ.
ರೆಸ್ಕ್ಯೂ ಟಾರ್ಗೆಟ್ (ಸಿಸ್ಟಮ್‌ಡಿಯ ಇನ್ನೊಂದು ರಿಪೇರಿ ಮೋಡ್) ಹಾಕಿ ನೋಡಿ ಅಂತ ಯಾರಾದರೂ ಹೇಳಿದರೆ ಬೇಡ, ಅದಕ್ಕೂ ರೂಟ್ ಪಾಸ್‌ವರ್ಡೇ ಬೇಕು.

ಸಂಜೆಪಾಳಿ:
ಒಂದು ಮಾತು ಬಿಟ್ಟುಹೋಯಿತು. ಆ ಶೆಲ್ಲಿನಿಂದ 'ಎಕ್ಸಿಟ್' ಅಂತ ಹೊರಗೆ ಬರಬೇಡಿ. ಅಲ್ಲಿ ಬ್ಯಾಶ್‌ದೇ 1ನೇ ಪ್ರೊಸೆಸ್, ಅದು ಸತ್ತರೆ ಕರ್ನಲ್ ಪ್ಯಾನಿಕ್, ಇಡೀ ಮಷೀನ್ ನಿಂತುಬಿಡುತ್ತದೆ. 'ಎಕ್ಸೆಕ್ /ಸ್‌ಬಿನ್/ಇನಿಟ್' ಕೊಟ್ಟರೆ ಅಲ್ಲಿಂದಲೇ ಮಾಮೂಲಿ ಬೂಟ್ ಮುಂದುವರಿಯುತ್ತದೆ.
ನಾನು ಇದನ್ನೆಲ್ಲ ಕಲಿತದ್ದು ಸನ್ ಕಂಪನಿಯ ಯುನಿಕ್ಸ್ ಮಷೀನುಗಳ ಮೇಲೆ. ಸ್ಟಾಪ್-ಎ ಒತ್ತಿದರೆ ಓಕೆ ಪ್ರಾಂಪ್ಟ್, 'ಬೂಟ್ -ಎಸ್' ಅಂದರೆ ಸಿಂಗಲ್ ಯೂಸರ್ (ರಿಪೇರಿ ಮೋಡ್), ಅಷ್ಟೇ. ಯುನಿಕ್ಸ್ ಬಗೆಯ ಇನ್ನೊಂದು ಸಿಸ್ಟಮ್ ಆದ ಫ್ರೀಬಿಎಸ್‌ಡಿಯಲ್ಲಿ ಈಗಲೂ ಹಾಗೇ ಸಲೀಸು, ಮೆನು 10 ಸೆಕೆಂಡ್ ನಿಲ್ಲುತ್ತದೆ, 2 ಒತ್ತಿದರಾಯಿತು.

ಹೊಸಬ_7:
ಅಂದರೆ ಕೀಬೋರ್ಡ್ ಮುಂದೆ ಕೂತ ಯಾರು ಬೇಕಾದರೂ ರೂಟ್ ಆಗಬಹುದು, ಅಲ್ವಾ?

ಕರಿಪರದೆ:
ಹೌದು. ಗ್ರಬ್‌ಗೆ ಪಾಸ್‌ವರ್ಡ್ ಇಡಬಹುದು, ಆದರೆ ಡಿಸ್ಕನ್ನೇ ಬಿಚ್ಚಿ ಒಯ್ದವನಿಗೆ ಅದು ಲೆಕ್ಕಕ್ಕಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದರೆ ಮಾತ್ರ ಉಪಯೋಗ.

ತುಂಗಾತೀರ:
ಆಯಿತು! ಮೂರನೇ ಸಲಕ್ಕೆ ಎಸ್ಕೇಪ್ ಸರಿಯಾಗಿ ಬಿತ್ತು. ಆ ಡಿಸ್ಕನ್ನು ಆಗಾಗ ಹಾಕಿ ತೆಗೆಯುವುದಿದೆ, ಪ್ರತಿ ಸಲ ಹ್ಯಾಶ್ ಹಾಕಬೇಕಾ?

ಸಂಜೆಪಾಳಿ:
ಬೇಡ. ಆ ಸಾಲಿನ ಆಪ್ಷನ್‌ಗಳಲ್ಲಿ 'ನೋಫೇಲ್' ಸೇರಿಸಿ, ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ. ಹಾಗೇ ಗ್ರಬ್ ಟೈಮೌಟ್ 5 ಮಾಡಿಡಿ ಮಾರಾಯ್ರೇ.